ಬಾವಿ ಗೋಡೆಯ ಗಿಡ ಬಾಲ್ಕನಿಗೆ ಬಂದಾಗ

ಹಳೆಯ ಕಲ್ಲುಕಟ್ಟಿನ ಬಾವಿಗೆ ಒಮ್ಮೆಯಾದರೂ ಬಗ್ಗಿ ನೋಡಿದ್ದೀರಲ್ಲ? ತಳದ ನೀರಿಗಿಂತ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಹಸಿರು. ಕಲ್ಲಿನ ಸಂದಿಸಂದಿಯಿಂದ ಗರಿಯಂಥ ಎಲೆಗಳು ಇಳಿಬಿದ್ದಿರುತ್ತವೆ. ಅವನ್ನು ಯಾರೂ ನೆಟ್ಟಿಲ್ಲ. ಯಾರೂ ಗೊಬ್ಬರ ಹಾಕಿಲ್ಲ. ಅದೇ ಬಳಗದ ಗಿಡವನ್ನು ನಾವು ನರ್ಸರಿಯಿಂದ ದುಡ್ಡು ಕೊಟ್ಟು ತರುತ್ತೇವೆ. ದಿನಕ್ಕೆರಡು ಸಲ ನೀರು ಹಾಕುತ್ತೇವೆ. ಒಂದೂವರೆ ತಿಂಗಳಿಗೆ ಅದು ಒಣಗಿ ಪೊರಕೆಯಾಗುತ್ತದೆ.

ನನ್ನ ಮೊದಲ ಫರ್ನ್ ಕೂಡ ಹಾಗೇ ಹೋಯಿತು. ‘ಇದು ನಮ್ಮ ಕೈಗೆ ಹತ್ತುವ ಗಿಡವಲ್ಲ’ ಎಂದುಕೊಂಡು ಕಸದ ಬುಟ್ಟಿಗೆ ಹಾಕಿದೆ. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದಾಗ ಬಾವಿಕಟ್ಟೆಯ ಮೇಲೆ ಕೈಯೂರಿ ನಿಂತು ನೋಡಿದೆ. ನಾನು ಮಾಡಿದ ತಪ್ಪುಗಳೆಲ್ಲ ಅಲ್ಲಿ ಒಂದೊಂದಾಗಿ ಕಂಡವು. ಬಾವಿಯೊಳಗೆ ಬೆಳಕಿದೆ, ಸುಡುವ ಬಿಸಿಲಿಲ್ಲ. ಬೇರಿಗೆ ತೇವವಿದೆ, ಆದರೆ ಬೇರು ನೀರಲ್ಲಿ ಮುಳುಗಿಲ್ಲ. ಗಾಳಿಯಲ್ಲಿ ಪಸೆಯಿದೆ. ಊಟ ಮಾತ್ರ ಬಹಳ ಕಡಿಮೆ, ಕಲ್ಲಸಂದಿಯಲ್ಲಿ ಕೂತ ಎಲೆಪುಡಿಯಷ್ಟೇ.

ಈ ನಾಲ್ಕನ್ನು ಮನೆಯ ಒಂದು ಮೂಲೆಯಲ್ಲಿ ಹೊಂದಿಸಿದರೆ ಫರ್ನ್ ಬೆಳೆಯುತ್ತದೆ. ಹೊಂದಿಸುವುದು ಹೇಗೆ ಎನ್ನುವುದೇ ಈ ಬರಹ.

ಇದು ಯಾವ ಗಿಡ?

ಫರ್ನ್ ಎಂಬುದು ಒಂದೇ ಗಿಡದ ಹೆಸರಲ್ಲ. ಜಗತ್ತಿನಲ್ಲಿ 10,000ಕ್ಕೂ ಹೆಚ್ಚು ಜಾತಿಯ ಫರ್ನ್‌ಗಳಿವೆ. ನಮ್ಮ ಪಠ್ಯಪುಸ್ತಕಗಳು ಇವನ್ನು ಜರಿಗಿಡ ಎನ್ನುತ್ತವೆ. ಹೆಸರು ಇಂಗ್ಲಿಷಿನದಾದರೂ ಗಿಡ ನಮಗೆ ಹೊಸದೇನಲ್ಲ. ಮಲೆನಾಡಿನಲ್ಲಿ ಬೆಳೆದವರಿಗೆ ಗೊತ್ತು: ಒಂದು ಜಾತಿಯ ಫರ್ನ್ ಎಲೆಯ ಅಡಿಭಾಗದಲ್ಲಿ ಬಿಳಿ ಹುಡಿಯಿರುತ್ತದೆ. ಆ ಎಲೆಯನ್ನು ಮಕ್ಕಳು ಮುಂಗೈಗೆ ಒತ್ತಿ ತೆಗೆದರೆ ಚರ್ಮದ ಮೇಲೆ ಎಲೆಯ ಬಿಳಿ ಅಚ್ಚು ಮೂಡುತ್ತದೆ. ಕೊಡಗಿನವರು ಮಳೆಗಾಲದಲ್ಲಿ ಪಲ್ಯ ಮಾಡುವ ತೆರ್ಮೆ ಸೊಪ್ಪು ಕೂಡ ಫರ್ನ್ ಚಿಗುರೇ. ಆಯುರ್ವೇದದ ಹಂಸಪದಿಯೂ ಇದೇ ಬಳಗದ್ದು.

ಆದರೆ ನರ್ಸರಿಗೆ ಹೋಗಿ ‘ಫರ್ನ್ ಕೊಡಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಬಾಸ್ಟನ್ ಫರ್ನ್. ತೂಗುಕುಂಡದಿಂದ ನಾಲ್ಕೂ ಕಡೆಗೆ ಕಾರಂಜಿಯಂತೆ ಬಾಗಿರುವ ಹಸಿರು ಗಿಡ ಇದೆಯಲ್ಲ, ಅದು. ಇದರ ವೈಜ್ಞಾನಿಕ ಹೆಸರು ನೆಫ್ರೊಲೆಪಿಸ್ ಎಕ್ಸಾಲ್ಟಾಟಾ. ಮೂಲ ನೆಲೆ ಫ್ಲಾರಿಡಾ, ವೆಸ್ಟ್ ಇಂಡೀಸ್ ಮತ್ತು ಮಧ್ಯ ಅಮೆರಿಕದ ಬೆಚ್ಚನೆಯ, ತೇವದ ಕಾಡುಗಳು. ಕಾಡಿನಲ್ಲಿ ಇದರ ಗರಿಗಳು ನೆಟ್ಟಗೆ ನಿಲ್ಲುತ್ತವೆ. 1894ರಲ್ಲಿ ಫಿಲಡೆಲ್ಫಿಯಾದಿಂದ ಬಾಸ್ಟನ್ ಕಡೆಗೆ ಹೋದ ಗಿಡಗಳ ನಡುವೆ ಒಂದು ಮಾತ್ರ ಗರಿ ಬಾಗಿಸಿಕೊಂಡು ಬೇರೆಯಾಗಿ ಕಂಡಿತು. ಅದನ್ನೇ ಬೆಳೆಸಿ ಹಂಚಿದ್ದರಿಂದ ಈ ಹೆಸರು ಬಂತು. ಹೊಸಬರಿಗೆ ಇದೇ ಸುಲಭದ ಗಿಡ. ಆದ್ದರಿಂದ ಇಲ್ಲಿ ಇದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಹೂವಿಲ್ಲ, ಬೀಜವೂ ಇಲ್ಲ

ಫರ್ನ್ ಹೂ ಬಿಡುವುದಿಲ್ಲ. ಬೀಜವೂ ಇಲ್ಲ. ಇದರ ಬದಲು ಎಲೆಯ ಅಡಿಯಲ್ಲಿ ಸ್ಪೋರ್, ಅಂದರೆ ಬೀಜಾಣುಗಳು ಹುಟ್ಟುತ್ತವೆ. ಅವು ಧೂಳಿನಷ್ಟು ಸಣ್ಣವು, ಗಾಳಿಯಲ್ಲಿ ಹಾರುತ್ತವೆ. ತೇವದ ಜಾಗದಲ್ಲಿ ಬಿದ್ದ ಬೀಜಾಣುವಿನಿಂದ ಮೊದಲು ಉಗುರಿನಷ್ಟೂ ದೊಡ್ಡದಲ್ಲದ, ಹೃದಯದ ಆಕಾರದ ಹಸಿರು ಹಾಳೆ ಬೆಳೆಯುತ್ತದೆ. ಅದರ ಮೇಲೆ ನೀರಿನ ಪೊರೆ ಇದ್ದರೆ ಮಾತ್ರ ಗಂಡು ಕಣ ಈಜಿ ಹೋಗಿ ಹೆಣ್ಣು ಕಣವನ್ನು ಸೇರುತ್ತದೆ. ಆಮೇಲೆ ನಿಜವಾದ ಫರ್ನ್ ಹುಟ್ಟುತ್ತದೆ. ಹುಟ್ಟಿಗೇ ನೀರು ಬೇಕಾದ ಗಿಡ ಇದು. ಬಾವಿಗೋಡೆಯನ್ನು ಯಾಕೆ ಹುಡುಕಿಕೊಂಡು ಹೋಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಎಲೆಯ ಹಿಂಬದಿಯಲ್ಲಿ ಕಂದು ಚುಕ್ಕಿ ಕಂಡೊಡನೆ ‘ಹುಳ ಬಿದ್ದಿದೆ’ ಎಂದು ಔಷಧಿ ಹೊಡೆಯುವವರು ಬಹಳ. ಆ ಗರಿಯನ್ನು ತಿರುಗಿಸಿ ಹಿಡಿದು ನಿಧಾನವಾಗಿ ನೋಡಿ. ಚುಕ್ಕಿಗಳು ಪ್ರತಿ ಕಿರುಎಲೆಯ ಅಂಚಿಗೆ ಸರಿಯಾಗಿ ಎರಡು ಸಾಲಿನಲ್ಲಿ, ಒಂದೇ ಅಳತೆಯಲ್ಲಿ, ಹೊಲಿಗೆ ಹಾಕಿದಂತೆ ಕೂತಿವೆಯೇ? ಹಾಗಿದ್ದರೆ ಅವು ಬೀಜಾಣುಗಳ ಗೊಂಚಲು, ಬಿಟ್ಟುಬಿಡಿ. ಭೂತಗನ್ನಡಿ ಇದ್ದರೆ ಚುಕ್ಕಿಯ ಮೇಲೆ ಮೂತ್ರಪಿಂಡದ ಆಕಾರದ ಪುಟ್ಟ ಮುಚ್ಚಳ ಕಾಣುತ್ತದೆ. ನೆಫ್ರೊಲೆಪಿಸ್ ಎಂದರೆ ಗ್ರೀಕಿನಲ್ಲಿ ‘ಮೂತ್ರಪಿಂಡದಂಥ ಹುರುಪೆ’ ಎಂದೇ ಅರ್ಥ. ಚುಕ್ಕಿಗಳು ಅಡ್ಡಾದಿಡ್ಡಿಯಾಗಿದ್ದು, ದಂಟಿನ ಮೇಲೂ ಅಂಟಿಕೊಂಡಿದ್ದು, ಉಗುರಿನಿಂದ ಕೆರೆದರೆ ಕಿತ್ತುಬಂದು ಕೈ ಅಂಟಂಟಾದರೆ ಮಾತ್ರ ಅದು ಕೀಟ. ಅದರ ಮದ್ದನ್ನು ಮುಂದೆ ಹೇಳುತ್ತೇನೆ.

ಮೊದಲು ಜಾಗ, ಆಮೇಲೆ ಗಿಡ

ನಾವು ಗಿಡ ತಂದಮೇಲೆ ಅದಕ್ಕೆ ಜಾಗ ಹುಡುಕುತ್ತೇವೆ. ಫರ್ನ್ ವಿಷಯದಲ್ಲಿ ಇದು ತಿರುವುಮುರುವು ಆಗಬೇಕು. ನರ್ಸರಿಗೆ ಹೊರಡುವ ಮುನ್ನ ಮನೆಯೆಲ್ಲ ಒಮ್ಮೆ ಸುತ್ತಿ ಬನ್ನಿ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಿಮಗೆ ಹೊಳೆದ ಜಾಗದಲ್ಲಿ ನಿಂತು, ನೆಲದಿಂದ ಒಂದಡಿ ಮೇಲೆ ಅಂಗೈ ಹಿಡಿಯಿರಿ. ಕೆಳಗೆ ನೆರಳು ಕತ್ತರಿಸಿಟ್ಟ ಹಾಗೆ ಸ್ಪಷ್ಟವಾಗಿ ಬಿದ್ದರೆ ಅಲ್ಲಿ ಬಿಸಿಲು ಜಾಸ್ತಿ. ನೆರಳೇ ಇಲ್ಲದಿದ್ದರೆ ಬೆಳಕು ಸಾಲದು. ಬೆರಳುಗಳ ಗುರುತು ಸಿಗುವಷ್ಟು ಮಸುಕಾದ ನೆರಳು ಬಿದ್ದರೆ ಅದೇ ಫರ್ನಿನ ಜಾಗ.

ಪೂರ್ವ ಅಥವಾ ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ ಒಳ್ಳೆಯದು. ಬೆಳಗಿನ ಎಳೆಬಿಸಿಲು ಒಂದು ಗಂಟೆ ಬಿದ್ದರೆ ತೊಂದರೆಯಿಲ್ಲ. ನಿಮ್ಮದು ಪಶ್ಚಿಮದ ಬಾಲ್ಕನಿಯೇ? ಆಗ ಮಧ್ಯಾಹ್ನದ ಬಿಸಿಲಿಗೆ 75 ಶೇಕಡಾದ ಶೇಡ್ ನೆಟ್, ಅಂದರೆ ನೆರಳುಬಲೆ ಕಟ್ಟಿ. ಇಲ್ಲವೇ ದೊಡ್ಡ ಎಲೆಯ ಬೇರೆ ಗಿಡದ ಹಿಂದೆ ಇಡಿ. ಕಿಟಕಿಯಿರುವ ಬಚ್ಚಲುಮನೆ ಇದಕ್ಕೆ ಅರಮನೆಯಿದ್ದಂತೆ. ಫ್ಯಾನಿನ ಕೆಳಗೆ, ಎಸಿಯ ಎದುರಿಗೆ, ಅಡುಗೆ ಒಲೆಯ ಪಕ್ಕದಲ್ಲಿ ಮಾತ್ರ ಬೇಡ.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ಗಿಡಕ್ಕೆ 16ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ. ತೇವವಿದ್ದರೆ 30 ದಾಟಿದರೂ ತಾಳಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಕರಾವಳಿಯಲ್ಲಿ ಗಾಳಿಯ ಪಸೆಯೇ ಅರ್ಧ ಕೆಲಸ ಮಾಡುತ್ತದೆ. ಮಲೆನಾಡಿನಲ್ಲಿ ಚಿಂತೆ ಬೇರೆ, ಅಲ್ಲಿ ಮಳೆಗಾಲದಲ್ಲಿ ಸೂರಿನಿಂದ ಸುರಿಯುವ ನೀರು ಕುಂಡಕ್ಕೆ ಬೀಳದಂತೆ ನೋಡಿಕೊಂಡರೆ ಸಾಕು. ಬೆಂಗಳೂರು, ಮೈಸೂರಿನಲ್ಲಿ ಮಾರ್ಚ್ ಮತ್ತು ಏಪ್ರಿಲ್ ಕಷ್ಟದ ತಿಂಗಳು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಬೇಸಿಗೆಯಲ್ಲಿ ಗಿಡವನ್ನು ಹೊರಗೆ ಬಿಡಲೇಬೇಡಿ. ಬಚ್ಚಲುಮನೆಯ ಕಿಟಕಿಯ ಬಳಿ ಇಟ್ಟು ಜೂನ್‌ವರೆಗೆ ಕಾಯಿರಿ.

ಕುಂಡ ಮತ್ತು ಮಣ್ಣು

ಒಣ ಹವೆಯ ಊರಿನಲ್ಲಿ ಪ್ಲಾಸ್ಟಿಕ್ ಕುಂಡವೇ ಮೇಲು. ಮಣ್ಣಿನ ಕುಂಡ ನೋಡಲು ಚೆಂದ, ಆದರೆ ಅದರ ಮೈಯಿಂದಲೇ ನೀರು ಆರಿಹೋಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಅದೇ ಗುಣ ಅನುಕೂಲ, ಬೇರು ಕೊಳೆಯುವುದಿಲ್ಲ. ತೆಂಗಿನ ನಾರು ಹಾಸಿದ ತಂತಿ ಬುಟ್ಟಿ ಎಲ್ಲಕ್ಕಿಂತ ಬೇಗ ಒಣಗುತ್ತದೆ. ದಿನಾ ನೋಡಿಕೊಳ್ಳಲು ಬಿಡುವಿಲ್ಲದವರು ಅದನ್ನು ಕೊಳ್ಳಬೇಡಿ. ಯಾವ ಕುಂಡವಾದರೂ ತಳದಲ್ಲಿ ನಾಲ್ಕೈದು ತೂತು ಇರಲೇಬೇಕು. ನರ್ಸರಿಯಿಂದ ಬಂದ ಕವರಿಗಿಂತ ಎರಡು ಇಂಚು ಹೆಚ್ಚು ಅಗಲದ ಕುಂಡ ಸಾಕು. ದೊಡ್ಡದರಲ್ಲಿ ಹಾಕಿದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಹುಳಿಯುತ್ತದೆ.

ಮಣ್ಣಿನ ಮಾತಿಗೆ ಬಂದರೆ, ಬರೀ ಕೆಂಪು ಮಣ್ಣು ಬೇಡ. ಕುಂಡದಲ್ಲಿ ಅದು ನಾಲ್ಕು ತಿಂಗಳಿಗೆ ಇಟ್ಟಿಗೆಯಾಗುತ್ತದೆ. ಕಪ್ಪು ಮಣ್ಣು ಇನ್ನೂ ಕಷ್ಟ, ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ನಾನು ಹಾಕುವ ಅಳತೆ ಹೀಗಿದೆ: ಎರಡು ಪಾಲು ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ಪರ್ಲೈಟ್. ಕೊಕೊಪೀಟ್ ಎಂದರೆ ತೆಂಗಿನ ಸಿಪ್ಪೆಯ ಹುಡಿ, ನೀರನ್ನು ಹಿಡಿದಿಡುತ್ತದೆ. ಪರ್ಲೈಟ್ ಎಂದರೆ ಕಾಯಿಸಿ ಅರಳಿಸಿದ ಬಿಳಿ ಹಗುರ ಕಲ್ಲು, ಬೇರಿಗೆ ಗಾಳಿ ಕೊಡುತ್ತದೆ. ಪರ್ಲೈಟ್ ಸಿಗದಿದ್ದರೆ ದಪ್ಪ ಮರಳು ಅಥವಾ ಕಡಲೆಕಾಳಿನಷ್ಟು ಸಣ್ಣದಾಗಿ ಕುಟ್ಟಿದ ಇದ್ದಿಲು ನಡೆಯುತ್ತದೆ.

ಕೊಕೊಪೀಟಿನಲ್ಲಿ ಒಂದು ಗುಟ್ಟಿದೆ. ಅಗ್ಗದ್ದರಲ್ಲಿ ಉಪ್ಪಿನಂಶ ಇರುತ್ತದೆ, ಫರ್ನಿಗೆ ಉಪ್ಪು ಆಗದು. ಪೊಟ್ಟಣದ ಮೇಲೆ ‘ಲೋ ಇಸಿ’ ಎಂದು ಬರೆದಿದ್ದರೆ ತೊಳೆದು ಉಪ್ಪು ಕಡಿಮೆ ಮಾಡಿದ್ದು ಎಂದರ್ಥ. ಹಾಗೆ ಬರೆದಿರದಿದ್ದರೆ ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ. ಎರಡು ಮೂರು ಸಲ ಹೀಗೆ ಮಾಡಿ. 650 ಗ್ರಾಮಿನ ಒಂದು ಕೊಕೊಪೀಟ್ ಇಟ್ಟಿಗೆ ನೆನೆದು ಉಬ್ಬಿದರೆ ಸುಮಾರು 8 ಲೀಟರ್ ಆಗುತ್ತದೆ. 8 ಇಂಚಿನ ಎರಡು ಕುಂಡಕ್ಕೆ ಧಾರಾಳ.

ನೆಡುವಾಗ ಗಿಡದ ನಡುಭಾಗ, ಎಂದರೆ ಗರಿಗಳೆಲ್ಲ ಹೊರಡುವ ಬುಡ, ಮಣ್ಣಿನಲ್ಲಿ ಹೂತುಹೋಗಬಾರದು. ಮೊದಲು ಎಷ್ಟು ಮೇಲಿತ್ತೋ ಅಷ್ಟೇ ಇರಲಿ. ಮಣ್ಣನ್ನು ಗಟ್ಟಿಯಾಗಿ ಒತ್ತಬೇಡಿ. ಕುಂಡವನ್ನು ನೆಲಕ್ಕೆ ಎರಡು ಸಲ ಮೆಲ್ಲನೆ ಕುಟ್ಟಿದರೆ ತಾನೇ ಕೂರುತ್ತದೆ.

ನೀರು ಎಷ್ಟು?

‘ದಿನಕ್ಕೆ ಎಷ್ಟು ಲೋಟ?’ ಎಂದು ಎಲ್ಲರೂ ಕೇಳುತ್ತಾರೆ. ಲೋಟದ ಲೆಕ್ಕ ಬಿಡಿ. ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಊರಿ ನೋಡಿ. ತೇವ ಹತ್ತಿದರೆ ಇವತ್ತು ಬೇಡ. ಒಣಗಿದಂತಿದ್ದರೆ ತಳದ ತೂತಿನಿಂದ ಹರಿದು ಬರುವವರೆಗೆ ಹಾಕಿ. ತೂಗುಕುಂಡವಾದರೆ ಕೆಳಗಿನಿಂದ ಅಂಗೈಯಲ್ಲಿ ಎತ್ತಿ ನೋಡುವುದು ಇನ್ನೂ ಸುಲಭ. ಒಂದು ವಾರದಲ್ಲಿ ನಿಮ್ಮ ಕೈಗೇ ಹಗುರ ಯಾವುದು, ಭಾರ ಯಾವುದು ಎಂಬುದು ತಿಳಿದುಬಿಡುತ್ತದೆ. ಬೇಸಿಗೆಯಲ್ಲಿ ಇದು ದಿನಾ ಆಗಬಹುದು. ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಅದಕ್ಕಿಂತಲೂ ತಡವಾಗಿ.

ಕೊಕೊಪೀಟ್ ಪೂರ್ತಿ ಒಣಗಿದರೆ ನೀರನ್ನು ಕುಡಿಯುವುದಿಲ್ಲ. ನೀವು ಹಾಕಿದ್ದು ಕುಂಡದ ಅಂಚಿನಿಂದ ಜಾರಿ ತಳದಲ್ಲಿ ಹೊರಬರುತ್ತದೆ. ನೀವು ‘ಸಾಕಷ್ಟಾಯಿತು’ ಎಂದುಕೊಳ್ಳುತ್ತೀರಿ, ಒಳಗೆ ಬೇರು ಒಣಗಿಯೇ ಇರುತ್ತದೆ. ಹಾಗಾದಾಗ ಕುಂಡವನ್ನು ಬಕೆಟ್ ನೀರಿನಲ್ಲಿ ಅಂಚಿನವರೆಗೆ ಇಳಿಸಿ. ಗುಳ್ಳೆಗಳು ಗುಳುಗುಳು ಎಂದು ಏಳುತ್ತವೆ. ಅವು ನಿಂತ ಮೇಲೆ, ಸುಮಾರು 20 ನಿಮಿಷಕ್ಕೆ, ಎತ್ತಿ ನೀರು ಸೋರಲು ಬಿಡಿ.

ಯಾವ ನೀರು?

ನನ್ನ ಮೊದಲ ಗಿಡ ಹೋದದ್ದು ಇಲ್ಲಿಯೇ. ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬರುತ್ತಿದ್ದದ್ದು ಬೋರ್‌ವೆಲ್ ನೀರು. ಅದರ ಗಡಸುತನ ತೆಗೆಯಲು ಸಾಫ್ಟ್‌ನರ್ ಎಂಬ ಯಂತ್ರ ಹಾಕಿದ್ದರು. ಆ ಯಂತ್ರ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು, ಬದಲಿಗೆ ಸೋಡಿಯಂ ಬಿಡುತ್ತದೆ. ಅದಕ್ಕೇ ಆಗಾಗ ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುತ್ತಾರೆ. ನಮ್ಮ ಬಟ್ಟೆಗೆ, ಗೀಸರಿಗೆ ಅದು ಒಳ್ಳೆಯದು. ಫರ್ನಿಗೆ ಮಾತ್ರ ದಿನಾ ಉಪ್ಪುನೀರು ಕುಡಿಸಿದಂತೆ. ಗರಿಯ ತುದಿಗಳು ಒಂದೊಂದಾಗಿ ಸುಟ್ಟವು. ನಾನು ಬಾಯಾರಿಕೆ ಎಂದುಕೊಂಡು ಅದೇ ನೀರನ್ನು ಇನ್ನಷ್ಟು ಹಾಕಿದೆ.

ಮಳೆನೀರು ಸಿಕ್ಕರೆ ಅದಕ್ಕೆ ಸಮನಿಲ್ಲ. ಎಸಿ ಹೊರಗೆ ತೊಟ್ಟಿಕ್ಕುವ ನೀರಿನಲ್ಲಿ ಲವಣ ಬಹಳ ಕಡಿಮೆ, ಅಲಂಕಾರದ ಗಿಡಕ್ಕೆ ಹಾಕಬಹುದು. ಕಾವೇರಿ ನೀರಾದರೆ ಬಕೆಟ್ಟಿನಲ್ಲಿ ಒಂದು ರಾತ್ರಿ ತೆರೆದಿಟ್ಟು ಹಾಕಿ, ಕ್ಲೋರಿನ್ ಬಹಳಷ್ಟು ಹಾರಿಹೋಗುತ್ತದೆ. ಆರ್‌ಒ ಫಿಲ್ಟರಿನ ಶುದ್ಧ ನೀರು ಪರವಾಗಿಲ್ಲ. ಆದರೆ ಅದರ ಪಕ್ಕದ ಕೊಳವೆಯಿಂದ ಹೊರಹೋಗುವ ‘ವೇಸ್ಟ್’ ನೀರು ಬೇಡವೇ ಬೇಡ. ನೀರು ಪೋಲಾಗದಿರಲಿ ಎಂದು ಅನೇಕರು ಅದನ್ನೇ ಗಿಡಕ್ಕೆ ಹಾಕುತ್ತಾರೆ. ನೀರಿನಿಂದ ತೆಗೆದ ಲವಣವೆಲ್ಲ ಮಂದವಾಗಿ ಅದರಲ್ಲೇ ಸೇರಿರುತ್ತದೆ. ಅದರಿಂದ ನೆಲ ಒರೆಸಿ.

ಗಡಸು ನೀರು ಬಿಟ್ಟರೆ ಗತಿಯಿಲ್ಲ ಎನ್ನುವವರು ತಿಂಗಳಿಗೊಮ್ಮೆ ಒಂದು ಬಕೆಟ್ ಮಳೆನೀರು ಅಥವಾ ಆರ್‌ಒ ಶುದ್ಧ ನೀರನ್ನು ಕುಂಡದ ಮೂಲಕ ನಿಧಾನವಾಗಿ ಹರಿಸಿಬಿಡಿ. ಕೂಡಿಕೊಂಡ ಉಪ್ಪು ತೊಳೆದುಹೋಗುತ್ತದೆ.

ಗಾಳಿಯ ಪಸೆ

ಫರ್ನಿನ ಕಿರುಎಲೆಗಳು ತೆಳು. ಒಣಗಾಳಿ ಅವುಗಳಿಂದ ನೀರನ್ನು ಬೇಗ ಹೀರುತ್ತದೆ. ಗಾಳಿಯಲ್ಲಿ ತೇವಾಂಶ 50 ಶೇಕಡಾಕ್ಕಿಂತ ಹೆಚ್ಚಿದ್ದರೆ ಗಿಡ ಸುಖವಾಗಿರುತ್ತದೆ. ‘ದಿನಾ ಸ್ಪ್ರೇ ಮಾಡಿದರೆ ಸಾಲದೇ?’ ಎಂದು ನೀವು ಕೇಳಬಹುದು. ಸ್ಪ್ರೇಯ ಹನಿ ಅರ್ಧ ಗಂಟೆಯೊಳಗೆ ಆರುತ್ತದೆ, ಗಾಳಿ ಮತ್ತೆ ಒಣಗುತ್ತದೆ. ಧೂಳು ತೊಳೆಯಲು ಅದು ಒಳ್ಳೆಯದು, ಪಸೆಗೆ ಅದನ್ನೇ ನೆಚ್ಚಬೇಡಿ.

ಹೆಚ್ಚು ಹೊತ್ತು ನಿಲ್ಲುವ ಉಪಾಯ ಎರಡಿವೆ. ಒಂದು, ಐದಾರು ಕುಂಡಗಳನ್ನು ಒತ್ತಾಗಿ ಜೋಡಿಸಿ. ಎಲ್ಲ ಗಿಡಗಳೂ ಬಿಡುವ ಆವಿ ಅಲ್ಲಿಯೇ ನಿಲ್ಲುತ್ತದೆ. ಎರಡು, ಅಗಲವಾದ ತಟ್ಟೆಗೆ ಎರಡು ಇಂಚು ಮರಳು ಹಾಕಿ ನೆನೆಸಿ, ಮೇಲೆ ಇಟ್ಟಿಗೆ ಚೂರಿಟ್ಟು ಅದರ ಮೇಲೆ ಕುಂಡ ಇಡಿ. ಪುಸ್ತಕಗಳಲ್ಲಿ ಬೆಣಚುಕಲ್ಲು ಹಾಕಿ ನೀರು ನಿಲ್ಲಿಸಿ ಎಂದಿರುತ್ತದೆ. ನಮ್ಮ ಊರುಗಳಲ್ಲಿ ಅದು ಬೇಡ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ ಬೆಳೆಯುವುದು ಇಂಥ ನಿಂತ ತಿಳಿನೀರಿನಲ್ಲೇ. ಒದ್ದೆ ಮರಳಿನ ಮೇಲೆ ನೀರು ನಿಲ್ಲುವುದಿಲ್ಲ, ಪಸೆ ಮಾತ್ರ ಏಳುತ್ತದೆ. ಮಳೆಗಾಲದಲ್ಲಿ ಕುಂಡದ ಕೆಳಗಿನ ತಟ್ಟೆಗಳನ್ನು ಎತ್ತಿಡಿ.

ಗೊಬ್ಬರ ಮಿತವಾಗಿ

ಕಲ್ಲಸಂದಿಯಲ್ಲಿ ಬದುಕುವ ಗಿಡಕ್ಕೆ ಹಬ್ಬದೂಟ ಬೇಡ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರವನ್ನು ಕುಂಡದ ಅಂಚಿಗೆ ಉದುರಿಸಿ. ರಾಸಾಯನಿಕ ಹಾಕುವವರು 19:19:19 ಎಂಬ ನೀರಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಂತೆ ತಿಂಗಳಿಗೊಮ್ಮೆ ಕೊಡಬಹುದು. ಆ ಮೂರು ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷಿನ ಪ್ರಮಾಣ. ಗೊಬ್ಬರ ಕೊಡುವ ಮುನ್ನ ಮಣ್ಣು ಒದ್ದೆಯಾಗಿರಲಿ. ಡಿಸೆಂಬರ್, ಜನವರಿಯಲ್ಲಿ ಬೆಳವಣಿಗೆ ಮಂದ, ಏನೂ ಬೇಡ. ಬೇಸಿಗೆಯಲ್ಲಿ ಬಾಡಿದ ಗಿಡಕ್ಕೆ ‘ಶಕ್ತಿ ಬರಲಿ’ ಎಂದು ಗೊಬ್ಬರ ಹಾಕಲೇಬೇಡಿ. ಹಸಿ ಸಗಣಿ, ಉಳಿದ ಹಾಲು, ಕಾಫಿ ಚರಟ ಇವು ಯಾವುವೂ ಬೇಕಿಲ್ಲ.

ಗರಿ ನೋಡಿ ರೋಗ ತಿಳಿಯುವುದು

ತುದಿ ಮಾತ್ರ ಕಂದಾಗಿದ್ದರೆ ಒಣಗಾಳಿ ಅಥವಾ ಉಪ್ಪುನೀರು. ಕುಂಡದ ಅಂಚಿನಲ್ಲಿ ಬಿಳಿ ಹುಡಿ ಕಟ್ಟಿದ್ದರೆ ಎರಡನೆಯದೇ ಖಚಿತ.

ಕಿರುಎಲೆಗಳು ಉದುರಿ ಕೆಳಗೆ ಹಾಸಿದಂತಾದರೆ, ಬೇರು ಎಂದೋ ಪೂರ್ತಿ ಒಣಗಿತ್ತು ಎಂದರ್ಥ.

ಬುಡದ ಒಂದೆರಡು ಗರಿ ಹಳದಿಯಾದರೆ ಅದು ವಯಸ್ಸು, ಬುಡಕ್ಕೆ ಕತ್ತರಿಸಿ. ಗಿಡವೆಲ್ಲ ಹಳದಿಯಾಗಿ, ಮಣ್ಣು ಒದ್ದೆಯಾಗಿದ್ದು ಹುಳಿ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಕುಂಡದಿಂದ ತೆಗೆದು ಕಪ್ಪಾದ, ಮೆತ್ತಗಿನ ಬೇರು ಕತ್ತರಿಸಿ, ಹೊಸ ಮಿಶ್ರಣಕ್ಕೆ ಹಾಕಿ.

ಗರಿಗಳು ಬಿಳಿಚಿಕೊಂಡರೆ ಬಿಸಿಲು ಹೆಚ್ಚು. ಉದ್ದುದ್ದವಾಗಿ ಸೊರಗಿ ಬೆಳೆದರೆ ಬೆಳಕು ಕಡಿಮೆ.

ಹತ್ತಿಯಂಥ ಬಿಳಿ ಗಂಟು ಕಂಡರೆ ಹಿಟ್ಟುತಿಗಣೆ. ಕಂದು ಹುರುಪೆ ಅಡ್ಡಾದಿಡ್ಡಿಯಾಗಿ ಅಂಟಿದ್ದರೆ ಶಲ್ಕಕೀಟ. ಬೇಸಿಗೆಯಲ್ಲಿ ಎಲೆಗಳ ನಡುವೆ ಸಣ್ಣ ಜೇಡರ ಬಲೆ ಕಂಡರೆ ಕೆಂಪು ನುಸಿ. ಮೊದಲು ಹೆಚ್ಚು ಹತ್ತಿದ ಗರಿಗಳನ್ನು ಕತ್ತರಿಸಿ ದೂರ ಎಸೆಯಿರಿ. ಉಳಿದದ್ದನ್ನು ನಲ್ಲಿಯ ಕೆಳಗೆ ತೊಳೆಯಿರಿ. ಆಮೇಲೂ ಉಳಿದರೆ ಮಾತ್ರ ಬೇವಿನೆಣ್ಣೆ. ಫರ್ನ್ ಎಲೆ ಎಣ್ಣೆಗೆ, ಸೋಪಿಗೆ ಸುಲಭವಾಗಿ ಸುಡುತ್ತದೆ. ಹಾಗಾಗಿ ಬೇರೆ ಗಿಡಕ್ಕೆ ಲೀಟರಿಗೆ 5 ಮಿಲಿ ಹಾಕಿದರೆ ಇದಕ್ಕೆ ಅದರ ಅರ್ಧ. ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಚೆನ್ನಾಗಿ ಕಲಕಿ. ಮೊದಲು ಒಂದೇ ಗರಿಗೆ ಸಿಂಪಡಿಸಿ ಎರಡು ದಿನ ಕಾಯಿರಿ, ಆಮೇಲೆ ಸಂಜೆ ಹೊತ್ತು ಉಳಿದದ್ದಕ್ಕೆ.

ಒಂದು ಗಿಡದಿಂದ ಮೂರು

ಸ್ವಲ್ಪ ದಿನದ ಮೇಲೆ ಗಿಡದಿಂದ ಎಲೆಯೇ ಇಲ್ಲದ, ದಾರದಂಥ ಹಸಿರು ಎಳೆಗಳು ಜೋತುಬೀಳುತ್ತವೆ. ಮೈಯೆಲ್ಲ ನವಿರಾದ ರೋಮ. ಹುಳವೆಂದೋ, ಒಣ ಬೇರೆಂದೋ ಜನ ಕತ್ತರಿಸುತ್ತಾರೆ. ಅವು ರನ್ನರ್, ಎಂದರೆ ಹಬ್ಬುವ ಕಾಂಡ. ಪಕ್ಕದಲ್ಲಿ ಇನ್ನೊಂದು ಕುಂಡ ಇಟ್ಟು, ಎಳೆಯ ತುದಿಯನ್ನು ಒದ್ದೆ ಮಣ್ಣಿಗೆ ತಾಗಿಸಿ, ಹೇರ್‌ಪಿನ್ ಚುಚ್ಚಿ ಹಿಡಿಸಿ. ಒಂದೂವರೆ ತಿಂಗಳ ಹೊತ್ತಿಗೆ ಬೇರು ಬಿಟ್ಟು ಮರಿ ಏಳುತ್ತದೆ. ಆಮೇಲೆ ತಾಯಿಯಿಂದ ಕತ್ತರಿಸಿ.

ಇನ್ನೊಂದು ದಾರಿ ಪಾಲು ಮಾಡುವುದು. ಎರಡು ವರ್ಷಕ್ಕೆ ಕುಂಡದ ತುಂಬ ಬೇರಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಗಿಡ ಹೊರತೆಗೆದು, ಚೂಪಾದ ಚಾಕುವಿನಿಂದ ಎರಡು ಅಥವಾ ಮೂರು ಪಾಲು ಮಾಡಿ. ಪ್ರತಿ ಪಾಲಿಗೂ ಬೇರು ಮತ್ತು ನಾಲ್ಕಾರು ಗರಿ ಇರಲಿ. ಹೊಸ ಕುಂಡಗಳನ್ನು ಎರಡು ವಾರ ನೆರಳಿನಲ್ಲಿಡಿ. ಬಾಸ್ಟನ್ ಫರ್ನನ್ನು ಬೀಜಾಣುವಿನಿಂದ ಬೆಳೆಸಲು ಹೋಗಬೇಡಿ. ಇದರ ಬೀಜಾಣುಗಳು ಬಹುತೇಕ ಬಂಜೆ.

ಖರ್ಚು ಎಷ್ಟು, ಎಲ್ಲಿ ಸಿಗುತ್ತದೆ?

ಬೆಂಗಳೂರಿನಲ್ಲಿ ಕವರಿನಲ್ಲಿರುವ ಸಣ್ಣ ಗಿಡಕ್ಕೆ ಸುಮಾರು 80ರಿಂದ 150 ರೂಪಾಯಿ. ತೂಗುಕುಂಡದಲ್ಲಿ ತುಂಬಿ ಬೆಳೆದದ್ದು 250ರಿಂದ 400ರ ಆಸುಪಾಸು. 8 ಇಂಚಿನ ಪ್ಲಾಸ್ಟಿಕ್ ಕುಂಡ ನೂರರ ಸುತ್ತಮುತ್ತ. ಕೊಕೊಪೀಟ್, ಎರೆಗೊಬ್ಬರ, ಪರ್ಲೈಟ್ ಸಣ್ಣ ಪೊಟ್ಟಣಗಳು ಸೇರಿ ಇನ್ನೂರರೊಳಗೆ ಮುಗಿಯುತ್ತವೆ. ಒಟ್ಟು ನಾಲ್ಕೈದು ನೂರು ರೂಪಾಯಿಯಲ್ಲಿ ಶುರುಮಾಡಬಹುದು. ಊರು, ಕಾಲ ನೋಡಿ ಬೆಲೆ ಆಚೀಚೆ ಆಗುತ್ತದೆ. ಹೊಸಬರು ಸಣ್ಣ ಗಿಡವನ್ನೇ ಕೊಳ್ಳಿ. ಅದು ನಿಮ್ಮ ಮನೆಯ ಗಾಳಿಗೆ ಬೇಗ ಒಗ್ಗುತ್ತದೆ.

ಬೆಂಗಳೂರಿನವರಿಗೆ ಲಾಲ್‌ಬಾಗಿನ ಆವರಣದ ನರ್ಸರಿ, ಪಕ್ಕದ ಸಿದ್ದಾಪುರದ ನರ್ಸರಿ ಸಾಲು ಇದೆ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲೂ ಗಿಡ ಮಾರಾಟವಿರುತ್ತದೆ. ಆಗಸ್ಟಿನದು ಫರ್ನ್ ಕೊಳ್ಳಲು ಒಳ್ಳೆಯ ಕಾಲ. ಬೇರೆ ಊರಿನವರು ಹತ್ತಿರದ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಕೊಳ್ಳುವಾಗ ಗರಿಗಳನ್ನು ಪಕ್ಕಕ್ಕೆ ಸರಿಸಿ ಬುಡ ನೋಡಿ. ಪಿಟೀಲಿನ ತಲೆಯಂತೆ ಸುತ್ತಿಕೊಂಡ ಎಳೆ ಚಿಗುರು ಮೂರ್ನಾಲ್ಕಾದರೂ ಇರಬೇಕು. ಎಲೆಯ ಹಿಂಬದಿ ನೋಡುವುದನ್ನು ಮರೆಯಬೇಡಿ.

ಕೇಳುವ ಪ್ರಶ್ನೆಗಳು

*ಫರ್ನ್ ಮನೆಯ ಗಾಳಿ ಶುದ್ಧ ಮಾಡುತ್ತದಂತೆ, ನಿಜವೇ?* ನಾಸಾ 1989ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಮನೆಗಿಡಗಳ ಬಗ್ಗೆ ಈ ಮಾತು ಹಬ್ಬಿತು. ಆ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಮನೆಯಲ್ಲಿ ಕಿಟಕಿ, ಬಾಗಿಲು ಇವೆ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದವರು ಹಾಕಿದ ಲೆಕ್ಕದಂತೆ, ಮಾಮೂಲಿ ಗಾಳಿಸಂಚಾರ ಮಾಡುವಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಕಣ್ಣಿಗೆ ತಂಪು ಎಂದು ಬೆಳೆಸಿ. ಗಾಳಿಗೆ ಕಿಟಕಿ ತೆರೆಯಿರಿ.

*ಬೆಕ್ಕು, ನಾಯಿ ಕಚ್ಚಿದರೆ?* ಬಾಸ್ಟನ್ ಫರ್ನ್ ಅವಕ್ಕೆ ವಿಷವಲ್ಲ. ಆದರೆ ‘ಆಸ್ಪರಾಗಸ್ ಫರ್ನ್’ ಎಂದು ಮಾರುವ, ಸೂಜಿಯಂಥ ನಯ ಎಲೆಯ ಗಿಡ ಫರ್ನೇ ಅಲ್ಲ. ಹೂ ಬಿಟ್ಟು, ಕೆಂಪು ಹಣ್ಣು ಬಿಡುವ ಅದು ನಮ್ಮ ಶತಾವರಿಯ ಹತ್ತಿರದ ನಂಟ. ಅದರ ಹಣ್ಣು ಬೆಕ್ಕು, ನಾಯಿಗೆ ಒಳ್ಳೆಯದಲ್ಲ.

*ತೆರ್ಮೆಯಂತೆ ಇದರ ಚಿಗುರನ್ನೂ ತಿನ್ನಬಹುದೇ?* ಬೇಡ. ತಿನ್ನುವುದು ಬೇರೆಯೇ ಜಾತಿ. ಗುರುತು ಹಿಡಿಯಬಲ್ಲ ಹಿರಿಯರು ಕೊಯ್ದದ್ದನ್ನು ಮಾತ್ರ ತಿನ್ನಬೇಕು. ನರ್ಸರಿ ಗಿಡಕ್ಕೆ ಏನೇನು ಔಷಧಿ ಹೊಡೆದಿರುತ್ತಾರೋ ಯಾರಿಗೆ ಗೊತ್ತು.

*ಘಟ್ಟಕ್ಕೆ ಹೋದಾಗ ಒಂದು ಕಿತ್ತು ತರಲೇ?* ಮೀಸಲು ಅರಣ್ಯದಿಂದ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಅದಲ್ಲದೆ ಆ ಮಳೆ, ಆ ಮಂಜಿಗೆ ಒಗ್ಗಿದ ಗಿಡ ನಗರದ ಬಾಲ್ಕನಿಯಲ್ಲಿ ಸಾಮಾನ್ಯವಾಗಿ ಬದುಕುವುದೂ ಇಲ್ಲ.

ಬಿಸಾಡುವ ಮುನ್ನ

ಗಿಡ ಮನೆಗೆ ಬಂದ ಮೊದಲ ಎರಡು ಮೂರು ವಾರ ಒಂದಷ್ಟು ಗರಿ ಉದುರಿಸುತ್ತದೆ. ನರ್ಸರಿಯ ನೆರಳುಮನೆಯಿಂದ ನಿಮ್ಮ ಬಾಲ್ಕನಿಗೆ ಬಂದ ಆಯಾಸ ಅದು. ಕುಂಡ ಬದಲಿಸುವುದಿದ್ದರೆ ಎರಡು ವಾರ ತಡೆಯಿರಿ.

ಮುಂದೆ ಎಂದಾದರೂ ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದಾಗ ಗಿಡ ಪೂರ್ತಿ ಒಣಗಿರಬಹುದು. ಆಗ ಕಸದ ಬುಟ್ಟಿಗೆ ಎತ್ತಬೇಡಿ. ಗರಿಗಳನ್ನೆಲ್ಲ ಎರಡು ಇಂಚು ಬಿಟ್ಟು ಕತ್ತರಿಸಿ. ಕುಂಡವನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದು ನೆರಳಿಗಿಡಿ. ಮಣ್ಣು ಬರೀ ತೇವವಾಗಿರಲಿ. ಬುಡ ಬೆರಳಿಗೆ ಗಟ್ಟಿಯಾಗಿ ಸಿಕ್ಕರೆ ಒಳಗೆ ಜೀವವಿದೆ. ನಾಲ್ಕರಿಂದ ಆರು ವಾರ ಕೊಡಿ.

ಅಂದು ಊರಿನ ಬಾವಿಗೆ ಬಗ್ಗಿದ್ದು ಏಪ್ರಿಲ್ ಕೊನೆಯಲ್ಲಿ. ನೀರು ತಳ ಮುಟ್ಟಿತ್ತು. ಗೋಡೆಯ ಮೇಲ್ಭಾಗದ ಗಿಡಗಳೆಲ್ಲ ಒಣಗಿ ಕಂದಾಗಿದ್ದವು. ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ಮತ್ತೆ ಹೋದಾಗ, ಅದೇ ಸಂದಿಗಳಿಂದ ಸುರುಳಿ ಚಿಗುರುಗಳು ಒಂದೊಂದೇ ಬಿಚ್ಚಿಕೊಳ್ಳುತ್ತಿದ್ದವು. ನಾನು ಬಿಸಾಡಿದ ಗಿಡದ ಬುಡವನ್ನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.